ಕೋಲಾರದ ಗರಸು ನೆಲಕ್ಕೆ ಆರ್‌ಸಿ ಬಗ್ಗಿ: ಯಾವ ಪಾರ್ಟ್‌ಗೆ ಮೊದಲು ದುಡ್ಡು ಹಾಕಬೇಕು?

ಹೊಸದಾಗಿ ಎಲೆಕ್ಟ್ರಿಕ್ ಆರ್‌ಸಿ ಬಗ್ಗಿ, ಅಂದರೆ ರಿಮೋಟ್‌ನಲ್ಲಿ ಮಣ್ಣಿನ ಮೇಲೆ ಓಡಿಸುವ ಪುಟ್ಟ ಗಾಡಿ, ತಗೊಂಡ ಹುಡುಗರು ಮೊದಲು ಕೇಳುವ ಪ್ರಶ್ನೆ ಒಂದೇ. "ಅಣ್ಣ, ಯಾವ ಮೋಟರ್ ಹಾಕಿಸಲಿ?" ನಾನು ತಿರುಗಿ ಕೇಳುವುದೂ ಒಂದೇ. ಎಲ್ಲಿ ಓಡಿಸ್ತೀಯ?

ಯಾಕೆಂದರೆ ಕೋಲಾರದ ಸುತ್ತ ನಮಗೆ ಸಿಗುವುದು ಹೆಚ್ಚಾಗಿ ಕೆಂಪು ಗರಸು ನೆಲ. ಕೆಳಗೆ ಕಲ್ಲಿನಂತೆ ಗಟ್ಟಿ, ಮೇಲೆ ಸಣ್ಣ ಹರಳು, ಅದರ ಮೇಲೆ ಧೂಳು. ಮುಂಚೆ ಬತ್ತಿದ ಕೆರೆ ಅಂಗಳಗಳೂ ಇದ್ದವು, ಒಳ್ಳೆ ಸಮತಟ್ಟಾದ ಜಾಗ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು, ಬರಲು ಶುರುವಾದ ಮೇಲೆ ಅಂಥ ಎಷ್ಟೋ ಕೆರೆಗಳಲ್ಲಿ ಈಗ ನೀರು ನಿಂತಿದೆ. ಹಾಗಾಗಿ ಗರಸೇ ನಮ್ಮ ಟ್ರ್ಯಾಕ್. ಈ ನೆಲದಲ್ಲಿ ಮೋಟರಿನ ಬಲ ಎಷ್ಟೇ ಇದ್ದರೂ ಅರ್ಧ ಹರಳನ್ನು ಹಿಂದಕ್ಕೆ ಎಸೆಯುವುದರಲ್ಲೇ ಮುಗಿಯುತ್ತದೆ. ಅದಕ್ಕೇ ನನ್ನ ಮಾತು ಇಷ್ಟು: ದುಡ್ಡು ನೆಲದಿಂದ ಮೇಲಕ್ಕೆ ಹತ್ತಬೇಕು. ಟೈರ್ ಮೊದಲು, ಆಮೇಲೆ ಶಾಕ್, ಬೇರಿಂಗ್, ಮುಂದಿನ ಚಕ್ರ ಎಡ ಬಲ ತಿರುಗಿಸುವ ಸರ್ವೋ. ಮೋಟರ್ ಕೊನೆಗೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ನೋಡಿದರೆ ರೆಡಿಮೇಡ್ ಟ್ರ್ಯಾಕ್ ಅನ್ನಿಸುತ್ತದೆ, ಓಡಿಸೋಣ ಅಂತ ಆಸೆ ಆಗುತ್ತದೆ. ಬೇಡ. ಅದಿರನ್ನು ಪುಡಿ ಮಾಡಿ, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಅದು. ಗಣಿ 2001ರಲ್ಲೇ ಮುಚ್ಚಿತು, ದಿಬ್ಬಗಳು ಹಾಗೇ ಇವೆ. ಅಲ್ಲಿನ ಧೂಳು ಗಾಡಿಗಿಂತ ಮೊದಲು ನಿಮ್ಮ ಎದೆಗೆ ಇಳಿಯುತ್ತದೆ.

ಟೂ ವೀಲ್ ಡ್ರೈವಾ, ಫೋರ್ ವೀಲ್ ಡ್ರೈವಾ?

ಟೂ ವೀಲ್ ಡ್ರೈವ್ ಬಗ್ಗಿ ಹಗುರ, ಪಾರ್ಟ್ ಕಡಿಮೆ, ಬಿಚ್ಚಿ ಕಟ್ಟಲು ಸುಲಭ. ಥ್ರಾಟಲ್ ಮೇಲೆ ಬೆರಳಿನ ಹಿಡಿತ ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆ ಗುರು ಇಲ್ಲ. ಆದರೆ ಸಡಿಲ ಗರಸಿನಲ್ಲಿ ತಿರುವಿನ ಮಧ್ಯೆ ಸ್ವಲ್ಪ ಜಾಸ್ತಿ ಒತ್ತಿದರೂ ಹಿಂಭಾಗ ಜಾರಿ ಗಾಡಿ ಗಿರಕಿ ಹೊಡೆಯುತ್ತದೆ. ಫೋರ್ ವೀಲ್ ಡ್ರೈವ್‌ನಲ್ಲಿ ಮುಂದಿನ ಚಕ್ರಗಳೂ ಎಳೆಯುವುದರಿಂದ ಗಾಡಿ ನೇರ ನಿಲ್ಲುತ್ತದೆ. ಅದಕ್ಕೆ ಬದಲಾಗಿ ಮುಂದೊಂದು ಹಿಂದೊಂದು ಡಿಫ್ (ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಗೂಡು), ಜಾಸ್ತಿ ಬೇರಿಂಗ್, ಜಾಸ್ತಿ ಡ್ರೈವ್ ಶಾಫ್ಟ್, ಇಷ್ಟಕ್ಕೂ ಧೂಳು ನುಗ್ಗುತ್ತದೆ. ಊರಲ್ಲೇ ಸ್ನೇಹಿತರ ಜೊತೆ ಓಡಿಸುವುದಾದರೆ ನಾನು ಫೋರ್ ವೀಲ್ ಡ್ರೈವ್ ಅಂತಲೇ ಹೇಳುತ್ತೇನೆ. ಬೆಂಗಳೂರಿಗೆ ಹೋಗಿ ರೇಸ್ ಮಾಡುವ ಯೋಚನೆ ಇದ್ದರೆ ಅಲ್ಲಿನವರು ಯಾವ ಕ್ಲಾಸ್ ಓಡಿಸುತ್ತಾರೆ ಅಂತ ಮೊದಲು ಕೇಳಿ, ಆಮೇಲೆ ಗಾಡಿ ತಗೊಳ್ಳಿ. ಒಬ್ಬರೇ ಬೇರೆ ಕ್ಲಾಸ್ ಗಾಡಿ ಹಿಡಿದು ನಿಂತರೆ ಏನು ಪ್ರಯೋಜನ, ಅಲ್ವಾ?

ಕಂಪನಿ ವಿಷಯ. ಡಬ್ಲ್ಯುಎಲ್‌ಟಾಯ್ಸ್ 144001 ಅಂದರೆ 1/14 ಅಳತೆಯ (ನಿಜ ಗಾಡಿಯ ಹದಿನಾಲ್ಕರಲ್ಲೊಂದು ಗಾತ್ರದ) ಫೋರ್ ವೀಲ್ ಡ್ರೈವ್. 550 ಅಳತೆಯ ಬ್ರಷ್ಡ್ ಮೋಟರ್, 2ಎಸ್ ಅಂದರೆ ಎರಡು ಸೆಲ್‌ನ ಬ್ಯಾಟರಿ, ಪೆಟ್ಟಿಗೆಯಿಂದ ತೆಗೆದು ಚಾರ್ಜ್ ಮಾಡಿ ಓಡಿಸಬಹುದು. ಇದರ ಪಾರ್ಟ್‌ಗಳು ಆನ್‌ಲೈನ್‌ನಲ್ಲಿ ಧಾರಾಳವಾಗಿ ಸಿಗುತ್ತವೆ. ಮೊದಲ ಗಾಡಿಗೆ ಸರಿ. ಟಮಿಯಾ ಕಿಟ್ ಆದರೆ ನೀವೇ ಜೋಡಿಸಬೇಕು, ಜೋಡಿಸುತ್ತಾ ಗಾಡಿಯ ಒಳಗೆಲ್ಲ ಪರಿಚಯ ಆಗುತ್ತದೆ, ಅದು ದೊಡ್ಡ ಲಾಭ. ಆದರೆ ಕಡಿಮೆ ಬೆಲೆಯ ಟಮಿಯಾ ಕಿಟ್‌ಗಳಲ್ಲಿ ಬೇರಿಂಗ್ ಜಾಗದಲ್ಲಿ ಪ್ಲಾಸ್ಟಿಕ್ ಬುಷ್ ಇರುತ್ತದೆ, ಅದರ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಟೀಮ್ ಅಸೋಸಿಯೇಟೆಡ್‌ನಂಥವರು 1984ರ ಆರ್‌ಸಿ10 ಕಾಲದಿಂದ ರೇಸ್‌ಗೆಂದೇ ಬಗ್ಗಿ ಮಾಡುತ್ತಿದ್ದಾರೆ. ಅವರ ರೇಸ್ ಕಿಟ್‌ನಲ್ಲಿ ಸಾಮಾನ್ಯವಾಗಿ ಮೋಟರ್, ಅದರ ವೇಗ ನಿಯಂತ್ರಿಸುವ ಇಎಸ್‌ಸಿ, ಸರ್ವೋ, ರಿಮೋಟ್, ಬ್ಯಾಟರಿ ಯಾವುದೂ ಇರುವುದಿಲ್ಲ. ಕಿಟ್ ಬೆಲೆ ನೋಡಿ "ಪರವಾಗಿಲ್ಲ" ಅಂದುಕೊಂಡವರಿಗೆ ಓಡಿಸುವ ಹೊತ್ತಿಗೆ ಹತ್ತಿರ ಹತ್ತಿರ ಎರಡರಷ್ಟು ಆಗಬಹುದು.

ಯಾವುದನ್ನೇ ತಗೊಳ್ಳಿ, ದುಡ್ಡು ಕೊಡುವ ಮುಂಚೆ ಆ ಗಾಡಿಯ ಮುಂದಿನ ಸಸ್ಪೆನ್ಷನ್ ಆರ್ಮ್ ಇವತ್ತು ಆರ್ಡರ್ ಮಾಡಿದರೆ ಯಾವಾಗ ಕೈಗೆ ಬರುತ್ತದೆ ಅಂತ ಹುಡುಕಿ ನೋಡಿ. ಬಗ್ಗಿಯಲ್ಲಿ ಹೆಚ್ಚಾಗಿ ಮುರಿಯುವುದು ಅದೇ. ಅದು ಹೊರದೇಶದಿಂದಲೇ ಬರಬೇಕು ಅಂದರೆ ಸುಂಕ ಬೇರೆ, ಕಾಯುವುದು ಬೇರೆ, ಗಾಡಿ ಅಟ್ಟದ ಮೇಲೆ.

ಟೈರ್

ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಗಾಡಿ ನೆಲವನ್ನು ಮುಟ್ಟುವುದು ಇಲ್ಲಿ ಮಾತ್ರ.

ಮೂರು ಥರದ ನೆಲ ಇಟ್ಟುಕೊಳ್ಳಿ. ಉತ್ತ ಹೊಲದ ಬದಿಯಂಥ ಸಡಿಲ ಮಣ್ಣಿಗೆ ಉದ್ದ ಮುಳ್ಳಿನ ಟೈರ್ ಬೇಕು, ಮುಳ್ಳು ಮಣ್ಣಿನೊಳಗೆ ಇಳಿದು ಕಚ್ಚಬೇಕು. ಕೆಳಗೆ ಗಟ್ಟಿ, ಮೇಲೆ ಧೂಳು ಇರುವ ನಮ್ಮ ಗರಸಿಗೆ ಅಷ್ಟು ಉದ್ದ ಮುಳ್ಳು ಬೇಡ. ಅದು ಗಟ್ಟಿ ನೆಲದ ಮೇಲೆ ಬಾಗಿ ತೂಗಾಡುತ್ತದೆ, ಗಾಡಿ ತೇಲಿದ ಹಾಗೆ ಆಗುತ್ತದೆ. ಗಿಡ್ಡಗಿನ, ಒತ್ತೊತ್ತಾದ ಚೌಕ ಬ್ಲಾಕ್ ಇರುವ ಟೈರ್ ಇಲ್ಲಿ ಚೆನ್ನಾಗಿ ನಿಲ್ಲುತ್ತದೆ. ಧೂಳನ್ನು ಪಕ್ಕಕ್ಕೆ ಸರಿಸಿ ಕೆಳಗಿನ ಗಟ್ಟಿ ಪದರ ಹಿಡಿಯುತ್ತದೆ. ಮೂರನೆಯದು ಟಾರು, ಸಿಮೆಂಟ್. ಅಲ್ಲಿ ಮೆತ್ತನೆ ರಬ್ಬರ್ ಓಡಿಸಲೇಬೇಡಿ, ಮುಳ್ಳು ಸವೆದು ಬೋಳಾಗುವುದಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲ.

ರಬ್ಬರಿನ ಮೆದುತನವೂ ಒಂದು ಆಯ್ಕೆ. ಮೆತ್ತಗಿದ್ದಷ್ಟೂ ಹಿಡಿತ ಜಾಸ್ತಿ, ಬಾಳಿಕೆ ಕಡಿಮೆ. ಏಪ್ರಿಲ್, ಮೇ ಬಿಸಿಲಿಗೆ ಗರಸು ಕಾದಿರುವಾಗ ಅತಿ ಮೆತ್ತನೆಯ ರಬ್ಬರ್ ಬೇಗ ಹರಿಯುತ್ತದೆ, ಅದರಲ್ಲೂ ಹರಳು ಚೂಪಾಗಿದ್ದರೆ. ಬೇಸಿಗೆಗೆ ಮಧ್ಯಮ, ಡಿಸೆಂಬರ್ ಬೆಳಗಿನ ಚಳಿಗೆ ಮೆತ್ತನೆಯದು, ಹೀಗೆ ಎರಡು ಜೊತೆ ಇದ್ದರೆ ಸಾಕು. ಟೈರ್ ಒಳಗೆ ಫೋಮ್ ಇರುತ್ತದಲ್ಲ, ಅದನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅಗ್ಗದ ಟೈರಿನ ಫೋಮ್ ಬೇಗ ಕುಗ್ಗಿ ಟೈರ್ ಪಕ್ಕಕ್ಕೆ ಮಡಚಿಕೊಳ್ಳುತ್ತದೆ, ಆಮೇಲೆ ಎಂಥ ಡಿಸೈನ್ ಇದ್ದರೂ ಒಂದೇ. ತಗೊಳ್ಳುವಾಗ ಚಕ್ರದ ಹೆಕ್ಸ್, ಅಂದರೆ ಚಕ್ರ ಕೂರುವ ಆರು ಮೂಲೆಯ ತುಂಡಿನ, ಅಳತೆ ನೋಡಿ. 1/10 ಬಗ್ಗಿಗಳಲ್ಲಿ ಸಾಮಾನ್ಯವಾಗಿ 12 ಮಿಲಿಮೀಟರ್ ಇರುತ್ತದೆ. ಟೈರನ್ನು ರಿಮ್‌ಗೆ ಅಂಟಿಸುವ ಮುಂಚೆ ಎರಡರ ಅಂಚನ್ನೂ ಸ್ಪಿರಿಟ್‌ನಲ್ಲಿ ಒರೆಸಿ. ಹೊಸ ರಬ್ಬರಿನ ಮೇಲೆ ಅಚ್ಚಿನ ಜಿಡ್ಡು ಇರುತ್ತದೆ, ಅದರ ಮೇಲೆ ಫೆವಿಕ್ವಿಕ್ ಥರದ ಗಮ್ ಹಿಡಿಯುವುದಿಲ್ಲ.

ನೆಲವನ್ನೂ ಸ್ವಲ್ಪ ಸರಿಮಾಡಿಕೊಳ್ಳಬಹುದು. ಹಿಂದಿನ ಸಂಜೆ ಎರಡು ಬಿಂದಿಗೆ ನೀರು ಚಿಮುಕಿಸಿ ಗುಡಿಸಿಟ್ಟರೆ ಬೆಳಗ್ಗೆ ಅದೇ ತಿರುವು ಬೇರೆಯೇ ಆಗಿರುತ್ತದೆ. ಟ್ರ್ಯಾಕ್ ಅಂಚಿಗೆ ಹಳೇ ಡ್ರಿಪ್ ಪೈಪ್ ಹಾಸಿ, ಮೊಳೆ ಬಾಗಿಸಿ ಬಿಗಿದರೆ ಆಯಿತು. ನಮ್ಮ ಕಡೆ ಅದಕ್ಕೇನು ಬರ, ಯಾವ ತೋಟದ ಮೂಲೆಯಲ್ಲಿ ನೋಡಿದರೂ ಸುರುಳಿ ಬಿದ್ದಿರುತ್ತದೆ. ಜಂಪ್‌ಗೆ ಟೊಮೆಟೊ ಕ್ರೇಟ್ ಮೇಲೆ ಹಲಗೆ.

ಶಾಕ್ ಮತ್ತು ಎಣ್ಣೆ

ಸ್ಪ್ರಿಂಗ್ ಮಾತ್ರ ಇರುವ ಶಾಕ್‌ಗೂ ಎಣ್ಣೆ ತುಂಬಿದ ಶಾಕ್‌ಗೂ ಹೋಲಿಕೆಯೇ ಇಲ್ಲ. ಎಣ್ಣೆ ಇಲ್ಲದ ಗಾಡಿ ಗರಸಿನ ಮೇಲೆ ಕುಣಿಯುತ್ತದೆ, ಕುಣಿಯುವ ಚಕ್ರ ನೆಲ ಬಿಟ್ಟಿರುತ್ತದೆ. ನಿಮ್ಮ ಗಾಡಿಯಲ್ಲಿ ಎಣ್ಣೆ ಶಾಕ್ ಇಲ್ಲದಿದ್ದರೆ ಟೈರ್ ಆದಮೇಲಿನ ಮೊದಲ ಖರ್ಚು ಇದೇ ಆಗಲಿ. ಇದ್ದರೆ ಹೊಸ ಶಾಕ್ ಬೇಡ, ಎಣ್ಣೆ ಬದಲಾಯಿಸಿ ನೋಡಿ. ಒಂದು ಸಣ್ಣ ಬಾಟಲಿಯಲ್ಲಿ ಗಾಡಿಯ ನಡತೆಯೇ ಬದಲಾಗುತ್ತದೆ. ಫಳಫಳ ಹೊಳೆಯುವ ಅಲ್ಯೂಮಿನಿಯಂ ಶಾಕ್ ಸೆಟ್‌ಗೆ ಕೊಡುವ ದುಡ್ಡಿನಲ್ಲಿ ಬೇರೆ ಬೇರೆ ದಪ್ಪದ ಒಳ್ಳೆ ಸಿಲಿಕೋನ್ ಎಣ್ಣೆ ಮೂರ್ನಾಲ್ಕು ಬಾಟಲಿ ಬರುತ್ತದೆ.

ಎಣ್ಣೆಯನ್ನು ಎರಡು ಅಳತೆಯಲ್ಲಿ ಮಾರುತ್ತಾರೆ. ಡಬ್ಲ್ಯುಟಿ ಮತ್ತು ಸಿಎಸ್‌ಟಿ. ಎರಡರಲ್ಲೂ ಸಂಖ್ಯೆ ದೊಡ್ಡದಾದಷ್ಟೂ ಎಣ್ಣೆ ದಪ್ಪ. ಟೀಮ್ ಅಸೋಸಿಯೇಟೆಡ್‌ನ 30 ಡಬ್ಲ್ಯುಟಿ ಅಂದರೆ 350 ಸಿಎಸ್‌ಟಿ, 35 ಅಂದರೆ 425, 40 ಅಂದರೆ 500. ಡಬ್ಲ್ಯುಟಿ ಸಂಖ್ಯೆ ಕಂಪನಿಯಿಂದ ಕಂಪನಿಗೆ ಸರಿಹೊಂದುವುದಿಲ್ಲ, ಹಾಗಾಗಿ ಯಾವಾಗಲೂ ಸಿಎಸ್‌ಟಿ ನೋಡಿ ತಗೊಳ್ಳಿ. ಬಿಸಿಲಿಗೆ ಎಣ್ಣೆ ತೆಳುವಾಗುತ್ತದೆ. ಚಳಿಗಾಲದಲ್ಲಿ 350ರಲ್ಲಿ ಚೆನ್ನಾಗಿದ್ದ ಗಾಡಿ ಏಪ್ರಿಲ್ ಮಧ್ಯಾಹ್ನ ಜಂಪ್ ಇಳಿಯುವಾಗ ಹೊಟ್ಟೆ ಉಜ್ಜಿದರೆ ಒಂದು ಮೆಟ್ಟಿಲು ದಪ್ಪಕ್ಕೆ, 425ಕ್ಕೆ ಹೋಗಿ.

ತುಂಬುವ ಕೆಲಸ ನಿಧಾನ ಕೇಳುತ್ತದೆ. ಶಾಕ್ ನೆಟ್ಟಗೆ ಹಿಡಿದು, ರಾಡ್ ಪೂರ್ತಿ ಕೆಳಗೆ ಎಳೆದು, ಬಾಯಿಯ ಹತ್ತಿರದವರೆಗೆ ಎಣ್ಣೆ ಹಾಕಿ. ರಾಡನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಪಿಸ್ಟನ್ನಿನ ತೂತುಗಳಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದೊಂದಾಗಿ ಮೇಲೆ ಬರುತ್ತವೆ. ಜೋರಾಗಿ ಆಡಿಸಿದರೆ ಎಣ್ಣೆ ಹಾಲಿನ ಹಾಗೆ ಬೆಳ್ಳಗಾಗಿ ಕೆಲಸ ಕೆಡುತ್ತದೆ. ಗುಳ್ಳೆ ನಿಲ್ಲುವವರೆಗೆ ಹಾಗೇ ನಿಲ್ಲಿಸಿಡಿ, ಟೀ ಕುಡಿದು ಬನ್ನಿ. ಆಮೇಲೆ ಮುಚ್ಚಳ ಹಾಕುವಾಗ ಸ್ವಲ್ಪ ಎಣ್ಣೆ ಹೊರಗೆ ಉಕ್ಕಲೇಬೇಕು, ಉಕ್ಕದಿದ್ದರೆ ಒಳಗೆ ಗಾಳಿ ಉಳಿದಿದೆ ಅಂತ ಅರ್ಥ. ಕಿವಿ ಹತ್ತಿರ ಹಿಡಿದು ಆಡಿಸಿ. ಚಪ್ ಚಪ್ ಸದ್ದು ಬಂದರೆ ಮತ್ತೆ ಬಿಚ್ಚಿ. ಎಡ ಬಲ ಎರಡನ್ನೂ ಒಟ್ಟಿಗೆ ಒತ್ತಿ ಬಿಟ್ಟಾಗ ಒಂದೇ ವೇಗದಲ್ಲಿ ವಾಪಸ್ ಬರಬೇಕು.

ಎಲ್ಲ ಜೋಡಿಸಿದ ಮೇಲೆ ಬ್ಯಾಟರಿ ಸಮೇತ ಗಾಡಿಯನ್ನು ಒಂದು ಅಡಿ ಎತ್ತರದಿಂದ ಮಟ್ಟವಾಗಿ ಬೀಳಿಸಿ ನೋಡಿ. ಕೂತು ಎದ್ದು ನಿಂತರೆ ಸರಿ. ಚೆಂಡಿನಂತೆ ಪುಟಿದರೆ ಎಣ್ಣೆ ತೆಳು. ರಾಡಿನ ಮೇಲೆ ಸೋರಿದ ಎಣ್ಣೆಗೆ ಕೆಂಪು ಧೂಳು ಅಂಟಿದರೆ ಅದು ಅರದ ಹಾಗೆ ರಾಡನ್ನೇ ಉಜ್ಜಿ ಗೀರುತ್ತದೆ. ಪ್ರತಿ ಸಲ ಓಡಿಸಿದ ಮೇಲೆ ಬಟ್ಟೆಯಲ್ಲಿ ಒರೆಸಿ.

ಫೋರ್ ವೀಲ್ ಡ್ರೈವ್‌ನ ಡಿಫ್‌ನಲ್ಲೂ ಇದೇ ಸಿಲಿಕೋನ್ ಎಣ್ಣೆ, ಆದರೆ ಸಾವಿರಗಳ ಲೆಕ್ಕದಲ್ಲಿ ದಪ್ಪ. ಬಾಲ್ ಡಿಫ್, ಗೇರ್ ಡಿಫ್ ಎರಡರ ಆಯ್ಕೆ ಇದ್ದರೆ ಯೋಚನೆ ಬೇಡ, ಗೇರ್ ಡಿಫ್. ಬಾಲ್ ಡಿಫ್ ಆಗಾಗ ಬಿಚ್ಚಿ ಕಟ್ಟುವುದನ್ನು ಕೇಳುತ್ತದೆ, ನಮ್ಮ ಧೂಳಿಗೆ ಅದು ಸಾಧ್ಯವಿಲ್ಲ.

ಬೇರಿಂಗ್

ಪ್ಲಾಸ್ಟಿಕ್ ಬುಷ್ ಇದ್ದರೆ ಇವತ್ತೇ ಬದಲಾಯಿಸಿ. ಬೇರಿಂಗ್‌ನಲ್ಲಿ ಲೋಹದ ಮುಚ್ಚಳದ್ದು, ರಬ್ಬರ್ ಸೀಲ್‌ನದ್ದು ಅಂತ ಎರಡು. ಲೋಹದ್ದು ಕೊಂಚ ಸಲೀಸಾಗಿ ತಿರುಗುತ್ತದೆ, ರಬ್ಬರ್ ಸೀಲ್ ಧೂಳು ತಡೆಯುತ್ತದೆ. ನಮಗೆ ರಬ್ಬರೇ. ಸೆರಾಮಿಕ್ ಬೇರಿಂಗ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಚಕ್ರದ ಬೇರಿಂಗ್ ತೆಗೆದು ಬೆರಳ ತುದಿಯಲ್ಲಿ ಸಿಕ್ಕಿಸಿ ತಿರುಗಿಸಿ, ಒಳಗೆ ಮರಳು ಕಡಿದಂತೆ ಕರಕರ ಅಂದರೆ ಸ್ಪಿರಿಟ್‌ನಲ್ಲಿ ತೊಳೆದು ಒಣಗಿಸಿ ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಡಿ. ಆಮೇಲೂ ಕರಕರ ಅಂದರೆ ಎಸೆಯಿರಿ.

ಸರ್ವೋ ಮತ್ತು ರಿಮೋಟ್

ಸರ್ವೋದಲ್ಲಿ ಎರಡು ಸಂಖ್ಯೆ ನೋಡಬೇಕು. ಬಲ ಎಷ್ಟು ಕೆಜಿ, 60 ಡಿಗ್ರಿ ತಿರುಗಲು ಎಷ್ಟು ಸೆಕೆಂಡು. ಎಲ್ಲರೂ ಬಲ ನೋಡಿ 20 ಕೆಜಿ, 25 ಕೆಜಿ ಅಂತ ತಗೊಳ್ಳುತ್ತಾರೆ. ಬಂಡೆ ಹತ್ತುವ ಕ್ರಾಲರ್‌ಗೆ ಅದು ಸರಿ. 1/10 ಬಗ್ಗಿಗೆ 10 ಕೆಜಿ ಆಸುಪಾಸು ಸಾಕು, ವೇಗ ಮುಖ್ಯ. 0.10 ಸೆಕೆಂಡಿನ ಸರ್ವೋಗೂ 0.20ರದಕ್ಕೂ ಇರುವ ವ್ಯತ್ಯಾಸ ಜಾರುತ್ತಿರುವ ಗಾಡಿಯನ್ನು ವಾಪಸ್ ನೇರ ಮಾಡುವಾಗ ಗೊತ್ತಾಗುತ್ತದೆ. ಗೇರ್ ಲೋಹದ್ದೇ ಇರಲಿ.

ಇಲ್ಲೊಂದು ಎಚ್ಚರ. ಸರ್ವೋಗೆ ಕರೆಂಟ್ ಕೊಡುವುದು ಇಎಸ್‌ಸಿ ಒಳಗಿನ ಬಿಇಸಿ. ಸಣ್ಣ ಬಿಇಸಿ ಇರುವ ಅಗ್ಗದ ಇಎಸ್‌ಸಿಗೆ ದೊಡ್ಡ ಸರ್ವೋ ಹಾಕಿದರೆ, ಅದು ಜೋರಾಗಿ ತಿರುಗುವ ಕ್ಷಣಕ್ಕೆ ವೋಲ್ಟೇಜ್ ಕುಸಿದು ರಿಸೀವರ್ ಆಫ್ ಆಗಿ ಆನ್ ಆಗುತ್ತದೆ. ಗಾಡಿ ಒಂದು ಕ್ಷಣ ಮಾತೇ ಕೇಳುವುದಿಲ್ಲ. ಜನ ರಿಮೋಟ್ ಕೆಟ್ಟಿದೆ ಅಂತ ಹೊಸ ರಿಮೋಟ್ ತರುತ್ತಾರೆ. ಮೊದಲು ಬಿಇಸಿ ಎಷ್ಟು ಆಂಪಿಯರ್, ಎಷ್ಟು ವೋಲ್ಟ್ ಅಂತ ನೋಡಿ ಸರ್ವೋ ಆರಿಸಿ.

ರಿಮೋಟ್‌ಗೆ ಫ್ಲೈಸ್ಕೈ, ರೇಡಿಯೋಲಿಂಕ್ ಕಂಪನಿಗಳ ಗನ್ ಮಾದರಿ ಧಾರಾಳ ಸಾಕು. ಎಕ್ಸ್‌ಪೋ (ಮಧ್ಯದಲ್ಲಿ ಸ್ಟೀರಿಂಗ್ ಎಷ್ಟು ಮೆದು ಅನ್ನುವುದು), ಎಂಡ್ ಪಾಯಿಂಟ್ (ಕೊನೆಗೆ ಎಷ್ಟು ತಿರುಗಬೇಕು ಅನ್ನುವುದು) ಹೊಂದಿಸಲು ಬರಬೇಕು, ಅಷ್ಟೇ. ಫುಟಾಬಾ, ಸಾನ್ವಾ ಒಳ್ಳೆಯವೇ, ಆದರೆ ಆ ದುಡ್ಡು ಈಗ ಟೈರಿಗೆ ಬೇಕು.

ಮೋಟರ್: ಬ್ರಷ್ಡ್, ಸೆನ್ಸರ್ ಇಲ್ಲದ್ದು, ಸೆನ್ಸರ್ ಇರುವುದು

ಬ್ರಷ್ಡ್ ಅಂದರೆ ಒಳಗೆ ಕಾರ್ಬನ್ ಬ್ರಷ್ ಉಜ್ಜಿ ಕರೆಂಟ್ ಕೊಡುವ ಮೋಟರ್. ಅದು ಅಗ್ಗ, ಇಎಸ್‌ಸಿಯೂ ಅಗ್ಗ, ಮೆಲ್ಲಗೆ ಓಡಿಸಲು ಸಲೀಸು. ಬ್ರಷ್ ಸವೆಯುತ್ತದೆ, ಧೂಳಿಗೆ ಇನ್ನೂ ಬೇಗ ಸವೆಯುತ್ತದೆ. ಸೆನ್ಸರ್ ಇಲ್ಲದ ಬ್ರಷ್‌ಲೆಸ್‌ನಲ್ಲಿ ಸವೆಯಲು ಬೇರಿಂಗ್ ಬಿಟ್ಟರೆ ಏನೂ ಇಲ್ಲ, ವೈರ್ ಮೂರೇ, ನೀರು ಧೂಳಿಗೆ ಹೆದರುವುದು ಕಡಿಮೆ. ಆದರೆ ನಿಂತಲ್ಲಿಂದ ಹೊರಡುವಾಗ ಕೆಲವೊಮ್ಮೆ ತಡವರಿಸಿ ಜರ್ಕ್ ಹೊಡೆಯುತ್ತದೆ. ಸೆನ್ಸರ್ ಇದ್ದರೆ ರೋಟರ್ ಎಲ್ಲಿದೆ ಅಂತ ಇಎಸ್‌ಸಿಗೆ ಮೊದಲೇ ಗೊತ್ತಿರುತ್ತದೆ, ಹೊರಡುವುದು ಬೆಣ್ಣೆಯಂತೆ. ಜಾರುವ ನೆಲದಲ್ಲಿ ತಿರುವಿನಿಂದ ಹೊರಬರುವಾಗ ಈ ನಯ ಬಹಳ ಬೆಲೆಬಾಳುತ್ತದೆ. ಜೋರಾಗಿ ಓಡುವಾಗ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ರೇಸ್ ಮಾಡುವವರು ಸೆನ್ಸರ್ ಇರುವುದನ್ನು ತಗೊಳ್ಳಿ, ಉಳಿದವರಿಗೆ ಸೆನ್ಸರ್ ಇಲ್ಲದ 3650 ಅಳತೆಯ (36 ಮಿಲಿಮೀಟರ್ ವ್ಯಾಸ, 50 ಉದ್ದ) ಸೆಟ್ ಸಾಕು.

ಕೆವಿ ಅಂದರೆ ಹೊರೆ ಇಲ್ಲದೆ ಒಂದು ವೋಲ್ಟ್‌ಗೆ ಎಷ್ಟು ಸುತ್ತು ಅಂತ. ರೇಸ್ ಮೋಟರ್‌ಗಳಲ್ಲಿ ಟಿ, ಅಂದರೆ ಒಳಗಿನ ತಂತಿಯ ಸುತ್ತು, ಅಂತ ಬರೆಯುತ್ತಾರೆ, 17.5ಟಿ, 13.5ಟಿ ಹೀಗೆ. ಟಿ ಕಡಿಮೆ ಆದಷ್ಟೂ ವೇಗ ಜಾಸ್ತಿ. ಲೆಕ್ಕ ಮಾಡಿ ನೋಡಿ. 3300 ಕೆವಿ ಮೋಟರ್ 2ಎಸ್‌ನ 7.4 ವೋಲ್ಟ್‌ನಲ್ಲಿ ನಿಮಿಷಕ್ಕೆ 24,420 ಸುತ್ತು. ಸ್ಪರ್ (ಮೋಟರ್ ತಿರುಗಿಸುವ ದೊಡ್ಡ ಗೇರ್) 78 ಹಲ್ಲು, ಪಿನಿಯನ್ (ಮೋಟರಿನ ತುದಿಯ ಸಣ್ಣ ಗೇರ್) 20, ಗೇರ್‌ಬಾಕ್ಸ್ ಒಳಗೆ 2.6 ಅಂದರೆ ಒಟ್ಟು ಅನುಪಾತ 10.14. ಟೈರ್ ವ್ಯಾಸ 85 ಮಿಲಿಮೀಟರ್ ಇದ್ದರೆ ಗಂಟೆಗೆ ಸುಮಾರು 39 ಕಿಲೋಮೀಟರ್. ಪಿನಿಯನ್ ಮಾತ್ರ 24 ಹಲ್ಲಿಗೆ ಬದಲಾಯಿಸಿದರೆ 46. ಇದು ಕಾಗದದ ಮೇಲಿನ ವೇಗ, ನೆಲದ ಮೇಲೆ ಕಡಿಮೆಯೇ ಬರುತ್ತದೆ. ಆದರೂ ನೋಡಿ, ಹೊಸ ಮೋಟರ್ ಇಲ್ಲದೆ, ಒಂದು ಸಣ್ಣ ಪಿನಿಯನ್‌ನಿಂದ ಇಷ್ಟು ಏರಿತು. ಮೋಟರ್ ಬದಲಾಯಿಸುವ ಮುಂಚೆ ಎರಡು ಮೂರು ಪಿನಿಯನ್ ತಗೊಳ್ಳಿ, ಸ್ಟೀಲಿನದ್ದೇ ತಗೊಳ್ಳಿ. ಅಲ್ಯೂಮಿನಿಯಂ ಪಿನಿಯನ್ ಹಲ್ಲು ಧೂಳಿಗೆ ಚೂಪಾಗಿ ಸವೆಯುತ್ತದೆ.

ಪಿನಿಯನ್ ದೊಡ್ಡದಾದಷ್ಟೂ ಮೋಟರ್ ಬಿಸಿ ಆಗುತ್ತದೆ. ಐದು ನಿಮಿಷ ಓಡಿಸಿ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. 70 ಡಿಗ್ರಿ ಒಳಗಿದ್ದರೆ ನೆಮ್ಮದಿ, 80 ದಾಟಿದರೆ ಒಂದೆರಡು ಹಲ್ಲು ಇಳಿಸಿ. ಫ್ಯಾನ್ ಹಾಕಿದರೆ ಸಹಾಯ ಆಗುತ್ತದೆ, ಆದರೆ ತಪ್ಪು ಗೇರಿಂಗ್‌ಗೆ ಅದು ಮದ್ದಲ್ಲ. ಸ್ಪರ್, ಪಿನಿಯನ್ ಮಧ್ಯೆ ನೋಟ್‌ಬುಕ್ ಹಾಳೆಯ ತುಂಡು ಇಟ್ಟು ಒತ್ತಿ ಸ್ಕ್ರೂ ಬಿಗಿದು ಹಾಳೆ ಎಳೆದರೆ ಅಂತರ ಸರಿಯಾಗಿ ಕೂರುತ್ತದೆ. ಹಾಳೆಯಲ್ಲಿ ಹಲ್ಲಿನ ಗುರುತು ಬಿದ್ದಿರಬೇಕು, ಹರಿದಿರಬಾರದು. ಆಮೇಲೆ ಸ್ಪರನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಎಲ್ಲೂ ಬಿಗಿಯಾಗುತ್ತಿಲ್ಲ ಅಂತ ನೋಡಿ.

ಬ್ಯಾಟರಿ: 2ಎಸ್, 3ಎಸ್

ಅದೇ ಗಾಡಿಗೆ 3ಎಸ್, ಅಂದರೆ 11.1 ವೋಲ್ಟ್ ಕೊಟ್ಟರೆ ಮೇಲಿನ ಲೆಕ್ಕದ 39 ಕಿಲೋಮೀಟರ್ 58ರ ಹತ್ತಿರ ಹೋಗುತ್ತದೆ. ಗರಸಿನಲ್ಲಿ ಆ ವೇಗಕ್ಕೆ ಹಿಡಿತ ಇಲ್ಲ, ಡ್ರೈವ್ ಶಾಫ್ಟ್, ಡಿಫ್ ಮೊದಲು ಕೈಕೊಡುತ್ತವೆ. 1/10 ಬಗ್ಗಿ ರೇಸ್‌ಗಳೂ 2ಎಸ್‌ನಲ್ಲೇ ನಡೆಯುತ್ತವೆ. ಇಎಸ್‌ಸಿ 3ಎಸ್ ತಡೆಯುತ್ತದೋ ಇಲ್ಲವೋ ಅಂತ ನೋಡದೆ ಹಾಕಿದರೆ ಹೊಗೆಯೇ.

ಬ್ಯಾಟರಿ ಎಷ್ಟು ಕರೆಂಟ್ ಕೊಡಬಲ್ಲದು ಅಂತ ಹೇಳುವ ಸಿ ರೇಟಿಂಗ್ ನೋಡಿ ಮರುಳಾಗಬೇಡಿ. 5000 ಎಂಎಎಚ್, 50ಸಿ ಅಂದರೆ ಲೆಕ್ಕಕ್ಕೆ 250 ಆಂಪಿಯರ್. ಅದೇ ಬ್ಯಾಟರಿಗೆ ಬರುವ ಎಕ್ಸ್‌ಟಿ60 ಕನೆಕ್ಟರ್ 60 ಆಂಪಿಯರ್‌ಗೆ ಮಾಡಿದ್ದು. ಎಂಎಎಚ್ ಕೂಡ ಅಷ್ಟೇ. ಐದು ನಿಮಿಷದ ರೇಸ್‌ನಲ್ಲಿ 4000 ಎಂಎಎಚ್ ಖಾಲಿ ಆಗಬೇಕಾದರೆ ಸರಾಸರಿ 48 ಆಂಪಿಯರ್ ಎಳೆಯಬೇಕು, 17.5ಟಿ ಮೋಟರ್ ಅಷ್ಟೆಲ್ಲ ಎಳೆಯುವುದಿಲ್ಲ. ಅದಕ್ಕೇ ರೇಸ್‌ನವರು ಹಗುರವಾದ ಶಾರ್ಟಿ, ಅಂದರೆ ಗಿಡ್ಡ ಪ್ಯಾಕ್ ಬಳಸುತ್ತಾರೆ. ಭಾನುವಾರ ಪೂರ್ತಿ ಬಯಲಲ್ಲಿ ಕಳೆಯುವವರಿಗೆ ಒಂದು ದೊಡ್ಡ ಪ್ಯಾಕ್‌ಗಿಂತ ಎರಡು ಸಾಧಾರಣ ಪ್ಯಾಕ್ ಮೇಲು, ಮಧ್ಯೆ ಮೋಟರೂ ಆರುತ್ತದೆ. ಹಾರ್ಡ್ ಕೇಸ್ ಇರುವುದನ್ನೇ ತಗೊಳ್ಳಿ, ಹರಳಿನ ಏಟನ್ನು ಮೆತ್ತನೆ ಪ್ಯಾಕ್ ತಡೆಯುವುದಿಲ್ಲ.

ಚಾರ್ಜರ್‌ನಲ್ಲಿ ಮಾತ್ರ ಜಿಪುಣತನ ಬೇಡ. ಎಲ್ಲ ಸೆಲ್‌ಗಳನ್ನೂ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಬೇಕೇ ಬೇಕು. ಐಮ್ಯಾಕ್ಸ್ ಬಿ6 ಥರದ್ದು 11ರಿಂದ 18 ವೋಲ್ಟ್ ಡಿಸಿ ತಗೊಳ್ಳುವುದರಿಂದ ಬಯಲಲ್ಲಿ ಕಾರಿನ ಬ್ಯಾಟರಿಯಿಂದಲೂ ನಡೆಯುತ್ತದೆ. ಸೆಲ್‌ಗೆ 4.2 ವೋಲ್ಟ್ ಮೀರಬಾರದು, ಓಡಿಸುವಾಗ 3.2ಕ್ಕಿಂತ ಕೆಳಗೆ ಇಳಿಸಬೇಡಿ, ವಾರಗಟ್ಟಲೆ ಇಡುವುದಾದರೆ 3.8ರಲ್ಲಿ ಇಡಿ. ಚಾರ್ಜ್ ಮಾಡುವಾಗ ಬರೀ ಸಿಮೆಂಟ್ ನೆಲದ ಮೇಲಿಟ್ಟು ಎದುರಿಗೇ ಇರಿ. ಊದಿಕೊಂಡ ಲಿಪೋ ಬ್ಯಾಟರಿ ಮತ್ತೆ ಬಳಸಬೇಡಿ.

ಅಲ್ಯೂಮಿನಿಯಂ ಮತ್ತು ಸ್ಪೇರ್

ನೀಲಿ, ಕೆಂಪು ಅಲ್ಯೂಮಿನಿಯಂ ಪಾರ್ಟ್ ನೋಡಲು ಚೆಂದ. ಸರ್ವೋ ಹಾರ್ನ್, ಮೋಟರ್ ಮೌಂಟ್, ಶಾಕ್ ಮುಚ್ಚಳ, ಚಕ್ರದ ಹೆಕ್ಸ್, ಈ ಜಾಗಗಳಿಗೆ ಅದು ಸರಿ. ಸಸ್ಪೆನ್ಷನ್ ಆರ್ಮ್‌ಗೆ ಬೇಡ. ನೈಲಾನ್ ಆರ್ಮ್ ಏಟಿಗೆ ಬಾಗಿ ವಾಪಸ್ ಬರುತ್ತದೆ, ಅಲ್ಯೂಮಿನಿಯಂ ಬಾಗಿದರೆ ಬಾಗಿದ್ದೇ. ಮುರಿಯದೆ ಉಳಿದರೆ ಪೆಟ್ಟು ಆರ್ಮ್ ಕೂರುವ ಒಳಗಿನ ಬಲ್ಕ್‌ಹೆಡ್‌ಗೆ ಹೋಗುತ್ತದೆ, ಅದನ್ನು ಬದಲಾಯಿಸಲು ಅರ್ಧ ಗಾಡಿ ಬಿಚ್ಚಬೇಕು. ಲೋಹಕ್ಕೆ ಲೋಹ ಸೇರುವ ಸ್ಕ್ರೂಗೆ ನೀಲಿ ಥ್ರೆಡ್‌ಲಾಕ್ ಒಂದು ಹನಿ, ಪ್ಲಾಸ್ಟಿಕ್‌ಗೆ ಹಾಕಬೇಡಿ.

ಉಳಿದ ದುಡ್ಡಿಗೆ 1.5, 2, 2.5 ಮಿಲಿಮೀಟರ್‌ನ ಒಳ್ಳೆ ಹೆಕ್ಸ್ ಡ್ರೈವರ್ ತಗೊಳ್ಳಿ. ಅಗ್ಗದ ಎಲ್-ಕೀ ಸ್ಕ್ರೂ ತಲೆಯನ್ನು ಸವೆಸಿಬಿಡುತ್ತದೆ, ಆಮೇಲೆ ಅದನ್ನು ತೆಗೆಯಲು ಲೇತ್ ಅಂಗಡಿಗೇ ಹೋಗಬೇಕು. ಪೆಟ್ಟಿಗೆಯಲ್ಲಿ ಯಾವಾಗಲೂ ಇರಬೇಕಾದವು: ಮುಂದಿನ ಆರ್ಮ್ ಎರಡು, ಸ್ಪರ್ ಗೇರ್ ಒಂದು, ಹಿಂಜ್ ಪಿನ್, ಬಾಡಿ ಕ್ಲಿಪ್, ಚಕ್ರದ ನಟ್, ಶಾಕ್‌ನ ಓ-ರಿಂಗ್. ಸ್ನೇಹಿತರು ಮೂರ್ನಾಲ್ಕು ಜನ ಒಂದೇ ಮಾದರಿ ಗಾಡಿ ಇಟ್ಟುಕೊಂಡರೆ ಆರ್ಡರ್ ಒಟ್ಟಿಗೆ ಹಾಕಬಹುದು, ಕೊರಿಯರ್ ಖರ್ಚು ಹಂಚಿಹೋಗುತ್ತದೆ, ಒಬ್ಬರ ಗಾಡಿ ಮುರಿದ ದಿನ ಇನ್ನೊಬ್ಬರ ಪೆಟ್ಟಿಗೆಯಲ್ಲಿ ಪಾರ್ಟ್ ಸಿಗುತ್ತದೆ.